ಮಧುಮೇಹಿಯ ಪಾದದ ಹುಣ್ಣು ಮತ್ತು ಕ್ಷಿಪ್ರ ಆಣ್ವಿಕ ಪರೀಕ್ಷೆ: ಒಂದು ಪ್ರಕರಣ ಅಧ್ಯಯನ

ತಿಂಗಳುಗಟ್ಟಲೆ ವಾಸಿಯಾಗದ ಗಾಯದಲ್ಲಿ ಬ್ಯಾಕ್ಟೀರಿಯಾ ಇರುವುದು ಸಹಜ, ಇಲ್ಲದಿರುವುದೇ ಅಪರೂಪ. ಆದ್ದರಿಂದ ಅಂಥ ಗಾಯದ ಮಾದರಿಯಲ್ಲಿ ಯಾವುದೋ ಸೂಕ್ಷ್ಮಜೀವಿ ಪತ್ತೆಯಾಯಿತು ಎಂಬ ವರದಿಯೊಂದರಿಂದಲೇ ರೋಗಿಗೆ ಸೋಂಕು ತಗಲಿದೆಯೆಂದು ತೀರ್ಮಾನಿಸಲಾಗದು. ಮಾದರಿಯಲ್ಲಿನ ಜೀವಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ಕಾಲದಲ್ಲೂ ಈ ತೊಡಕು ಇತ್ತು. ಕೆಲವೇ ಗಂಟೆಗಳಲ್ಲಿ ಹತ್ತಾರು ಜೀವಿಗಳ ಡಿ.ಎನ್.ಎ.ಯನ್ನು ಹುಡುಕಿ ಕೊಡುವ ಆಣ್ವಿಕ ಪರೀಕ್ಷೆಗಳು ಬಂದ ಮೇಲೆ ಅದು ಹೆಚ್ಚಾಗಿದೆ. ಈ ಪರೀಕ್ಷೆ ಎಲ್ಲಿ ನಿಜವಾಗಿ ನೆರವಾಗುತ್ತದೆ, ಎಲ್ಲಿ ಚಿಕಿತ್ಸಕರನ್ನು ದಾರಿ ತಪ್ಪಿಸಬಲ್ಲದು ಎಂಬುದನ್ನು ಒಬ್ಬನೇ ರೋಗಿಯ ಚಿಕಿತ್ಸೆಯ ಹಾದಿಯಲ್ಲಿ ನೋಡುವುದು ಈ ಬರಹದ ಉದ್ದೇಶ. ಇಲ್ಲಿನ ರೋಗಿ ನಿರ್ದಿಷ್ಟ ವ್ಯಕ್ತಿಯಲ್ಲ. ಗಾಯ ಚಿಕಿತ್ಸಾ ವಿಭಾಗಗಳಲ್ಲಿ ಪದೇ ಪದೇ ಎದುರಾಗುವ ಸನ್ನಿವೇಶಗಳನ್ನು ಕೂಡಿಸಿ ಬೋಧನೆಗೆಂದು ರೂಪಿಸಿದ ಪ್ರಕರಣವಿದು.

ರೋಗಿ ಮತ್ತು ಗಾಯ

ರೋಗಿ 61 ವರ್ಷದ ಪುರುಷ. 14 ವರ್ಷಗಳಿಂದ ಎರಡನೇ ಬಗೆಯ ಮಧುಮೇಹವಿದೆ; ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಹತೋಟಿಯನ್ನು ತೋರಿಸುವ ಎಚ್.ಬಿ.ಎ.1ಸಿ. ಪ್ರಮಾಣ ಶೇ. 9.4. ಮೂತ್ರಪಿಂಡಗಳ ಸೋಸುವ ಸಾಮರ್ಥ್ಯ ಕುಗ್ಗಿದ್ದು, ಅಂದಾಜು ಜಿ.ಎಫ್.ಆರ್. 48ರಷ್ಟಿದೆ. ಬಲಪಾದದ ಹೆಬ್ಬೆರಳಿನ ಬುಡದಲ್ಲಿ, ನಡೆಯುವಾಗ ದೇಹದ ಭಾರವೆಲ್ಲ ಬೀಳುವ ಜಾಗದಲ್ಲಿ, 11 ವಾರಗಳಿಂದ ವಾಸಿಯಾಗದ ಹುಣ್ಣಿದೆ. ಅದರ ಅಳತೆ 2.2 ಗುಣಿಸು 1.8 ಸೆಂಟಿಮೀಟರ್, ಆಳ ಸುಮಾರು 0.8 ಸೆಂಟಿಮೀಟರ್. ಹತ್ತು ಗ್ರಾಂ ಒತ್ತಡದ ಮಾನೊಫಿಲಮೆಂಟ್ ಎಂಬ ನೈಲಾನ್ ಎಳೆಯ ಸ್ಪರ್ಶ ಎರಡೂ ಪಾದಗಳಿಗೆ ತಿಳಿಯುವುದಿಲ್ಲ. ಕಾಲು ಮತ್ತು ತೋಳಿನ ರಕ್ತದೊತ್ತಡಗಳ ಅನುಪಾತ 1.42 ಬಂದಿತ್ತು. ರಕ್ತನಾಳದ ಗೋಡೆಗಳಲ್ಲಿ ಸುಣ್ಣ ಕಟ್ಟಿಕೊಂಡವರಲ್ಲಿ ಈ ಅಂಕಿ ಹುಸಿಯಾಗಿ ಏರುವುದರಿಂದ ಅದನ್ನು ನಂಬದೆ ಕಾಲ್ಬೆರಳಿನ ಒತ್ತಡವನ್ನು ಅಳೆಯಲಾಯಿತು. ಅದು 58 ಮಿಲಿಮೀಟರ್ ಪಾದರಸದಷ್ಟಿದ್ದು, ಗಾಯ ಮಾಯಲು ಬೇಕಾದ ರಕ್ತಸಂಚಾರ ಇದೆಯೆಂಬ ಭರವಸೆ ಸಿಕ್ಕಿತು.

ಈ ಹಿಂದೆ ಎರಡು ಸಲ ಗಾಯದ ಮೇಲ್ಮೈಯಿಂದ ಸ್ವಾಬ್, ಅಂದರೆ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ ಮಾದರಿ, ತೆಗೆದು, ಬೆಳೆದ ಜೀವಿಗಳನ್ನು ನೋಡಿ, ಬಾಯಿಯ ಮೂಲಕ ಆಂಟಿಬಯೋಟಿಕ್ ಕೊಡಲಾಗಿತ್ತು. ಎರಡನೆಯ ಸುತ್ತು ಮುಗಿದು ಮೂರು ದಿನವಷ್ಟೇ ಆಗಿತ್ತು. ಒಂದು ವರ್ಷದ ಹಿಂದೆ ಮೂಗಿನ ತಪಾಸಣೆಯಲ್ಲಿ ಮೆಥಿಸಿಲಿನ್ ನಿರೋಧಕ ಸ್ಟ್ಯಾಫಿಲೊಕಾಕಸ್ ಆರಿಯಸ್, ಅಂದರೆ ಎಂ.ಆರ್.ಎಸ್.ಎ., ಕಂಡಿತ್ತೆಂಬ ಟಿಪ್ಪಣಿ ಕಡತದಲ್ಲಿತ್ತು.

ಈ ಬಾರಿ ಗಾಯದ ಅಂಚಿನಿಂದ ಸುಮಾರು 2.5 ಸೆಂಟಿಮೀಟರ್‌ವರೆಗೆ ಕೆಂಪು ಹರಡಿತ್ತು. ಸುತ್ತಲ ಚರ್ಮ ಬಿಸಿಯಾಗಿ ಊದಿತ್ತು, ಸ್ವಲ್ಪ ಕೀವೂ ಇತ್ತು. ನೋವಿರಲಿಲ್ಲ, ಆದರೆ ಸಂವೇದನೆ ಕಳೆದುಕೊಂಡ ಪಾದದಲ್ಲಿ ನೋವಿಲ್ಲ ಎಂಬುದಕ್ಕೆ ಬೆಲೆಯಿಲ್ಲ. ದೇಹದ ಉಷ್ಣತೆ 37.6 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 84, ಉಸಿರಾಟ 18, ಬಿಳಿ ರಕ್ತಕಣಗಳು 10,800. ಮಧುಮೇಹಿಗಳ ಪಾದದ ಸೋಂಕಿನ ಕುರಿತ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ಊತ, ಕೆಂಪು, ನೋವು, ಬಿಸಿ, ಕೀವು ಇವುಗಳಲ್ಲಿ ಕನಿಷ್ಠ ಎರಡು ಇದ್ದರೆ ಸೋಂಕು. ಕೆಂಪು 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹರಡಿದ್ದರೆ ಅಥವಾ ಆಳದ ಅಂಗಾಂಶಗಳನ್ನು ತಲುಪಿದ್ದರೆ ಅದು ಮಧ್ಯಮ. ಇಡೀ ದೇಹ ಪ್ರತಿಕ್ರಿಯಿಸುತ್ತಿರುವ ಲಕ್ಷಣಗಳಿದ್ದರೆ ತೀವ್ರ. ಈ ರೋಗಿಯದು ಮಧ್ಯಮ ಸೋಂಕು. ಲೋಹದ ಶಲಾಕೆಗೆ ಮೂಳೆ ತಗಲಲಿಲ್ಲ, ಎಕ್ಸ್-ರೇಯಲ್ಲಿ ಮೂಳೆ ಸವೆದ ಗುರುತಿರಲಿಲ್ಲ, ದೇಹದ ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಯಾದ ಇ.ಎಸ್.ಆರ್. 46 ಇತ್ತು. ಅದು 70 ದಾಟಿದ್ದರೆ ಮೂಳೆಯ ಸೋಂಕಿನ ಶಂಕೆ ಬಲವಾಗುತ್ತಿತ್ತು.

ಗಮನಿಸಬೇಕಾದ ಮಾತೆಂದರೆ, ಸೋಂಕಿದೆ ಎಂಬ ರೋಗನಿರ್ಣಯ ಇಷ್ಟರಲ್ಲಿ ಮುಗಿದಿತ್ತು. ಅದನ್ನು ಮಾಡಿದ್ದು ಕಣ್ಣು, ಕೈ, ಅಳತೆಪಟ್ಟಿ ಮತ್ತು ಥರ್ಮಾಮೀಟರ್. ಪ್ರಯೋಗಾಲಯಕ್ಕೆ ಉಳಿದಿದ್ದ ಪ್ರಶ್ನೆ ಬೇರೆಯದು: ಈ ಸೋಂಕನ್ನು ಉಂಟುಮಾಡಿದ್ದು ಯಾವ ಜೀವಿ, ಅದಕ್ಕೆ ಯಾವ ಔಷಧಿ ಸಾಕು?

ಉತ್ತರ ಬೇಕಾಗಿದ್ದ ಪ್ರಶ್ನೆ

ಕಡತದಲ್ಲಿ ಎಂ.ಆರ್.ಎಸ್.ಎ. ಎಂದು ಬರೆದಿದ್ದುದರಿಂದ, ಮತ್ತು ಎರಡು ಸುತ್ತಿನ ಔಷಧಿಯ ನಂತರವೂ ಸೋಂಕು ಕಾಣಿಸಿಕೊಂಡಿದ್ದರಿಂದ, ಪಾಳಿಯ ವೈದ್ಯರು ಎಂ.ಆರ್.ಎಸ್.ಎ.ಗೆ ಕೊಡುವ ವ್ಯಾಂಕೊಮೈಸಿನ್ ಜೊತೆಗೆ, ಅನೇಕ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸಮಾಡುವ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಆರಂಭಿಸುವ ಸಲಹೆ ಕೊಟ್ಟರು. ಅದು ಅವಿವೇಕದ ಸಲಹೆಯಲ್ಲ. ಏನೂ ತಿಳಿಯದ ಸ್ಥಿತಿಯಲ್ಲಿ ಬಹುತೇಕ ಎಲ್ಲ ಸಾಧ್ಯತೆಗಳನ್ನೂ ಮುಚ್ಚುವ ಜೋಡಿಯದು. ಆದರೆ ಈ ಎರಡನ್ನೂ ಒಟ್ಟಿಗೆ ಕೊಟ್ಟವರಲ್ಲಿ ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು ಹೆಚ್ಚು. ಆ ಏರಿಕೆ ಮೂತ್ರಪಿಂಡಕ್ಕೆ ಆದ ನಿಜವಾದ ಹಾನಿಯೋ, ಕ್ರಿಯಾಟಿನಿನ್ ಹೊರಹೋಗುವ ಕ್ರಿಯೆಗೆ ಬಂದ ಅಡ್ಡಿಯಷ್ಟೆಯೋ ಎಂಬ ವಾದ ಇನ್ನೂ ನಡೆದಿದೆ. ಜಿ.ಎಫ್.ಆರ್. 48 ಇರುವ ರೋಗಿಯ ಮೇಲೆ ಆ ವಾದದ ಫಲಿತಾಂಶಕ್ಕೆ ಕಾಯುವುದು ಯಾರಿಗೂ ಬೇಕಿರಲಿಲ್ಲ.

ಕಲ್ಚರ್ ಪರೀಕ್ಷೆ ಈ ನಿರ್ಧಾರಕ್ಕೆ ಸಮಯಕ್ಕೆ ಸರಿಯಾಗಿ ಒದಗುವುದಿಲ್ಲ. ಜೀವಿಯನ್ನು ಬೆಳೆಸಿ ಗುರುತಿಸಲು ಒಂದೆರಡು ದಿನ, ಔಷಧಿಗಳಿಗೆ ಅದರ ಸ್ಪಂದನೆ ತಿಳಿಯಲು ಸುಮಾರು ಇನ್ನೊಂದು ದಿನ ಬೇಕು. ಆಮ್ಲಜನಕ ಸಹಿಸದ ಬ್ಯಾಕ್ಟೀರಿಯಾಗಳಿಗೆ ವಾರವೇ ಹಿಡಿಯಬಹುದು, ಸಾಗಣೆಯಲ್ಲೇ ಅವು ಸತ್ತುಹೋಗುವುದೂ ಉಂಟು. ಮೂರು ದಿನದ ಹಿಂದಿನವರೆಗೂ ಆಂಟಿಬಯೋಟಿಕ್ ಸೇವಿಸಿದ್ದ ಈ ರೋಗಿಯಲ್ಲಿ ಏನೂ ಬೆಳೆಯದೆ ಹೋಗುವ ಸಂಭವವೂ ಇತ್ತು. ಹಾಗಾಗಿ ಆಣ್ವಿಕ ಪರೀಕ್ಷೆಯನ್ನು ಕೇಳಿದ್ದು ಸಮರ್ಥನೀಯ, ಏಕೆಂದರೆ ಪ್ರಶ್ನೆ ಖಚಿತವಾಗಿತ್ತು: ಎಂ.ಆರ್.ಎಸ್.ಎ.ಗೆ ಔಷಧಿ ಬೇಕೇ, ಬೇಡವೇ?

ಎರಡು ಮಾದರಿಗಳು

ಈ ಪ್ರಕರಣದಲ್ಲಿ ಪ್ರಯೋಗಾಲಯಕ್ಕೆ ಎರಡು ಮಾದರಿಗಳು ಹೋದವು, ಅದೂ ಯೋಜನೆಯಿಂದಲ್ಲ. ರೋಗಿ ಬಂದ ತಕ್ಷಣ, ಗಾಯವನ್ನು ತೊಳೆಯುವ ಮೊದಲೇ, ರೂಢಿಯಂತೆ ಮೇಲ್ಮೈಯ ಸ್ವಾಬ್ ತೆಗೆಯಲಾಗಿತ್ತು. ಆಮೇಲೆ ಶಸ್ತ್ರಚಿಕಿತ್ಸಕರು ಸತ್ತ ಅಂಗಾಂಶವನ್ನೂ ಅಂಚಿನ ದಪ್ಪ ಚರ್ಮವನ್ನೂ ಕೆರೆದು ತೆಗೆದು, ಉಪ್ಪುನೀರಿನಿಂದ ತೊಳೆದು, ಆರೋಗ್ಯಕರವಾಗಿ ಕಂಡ ತಳದಿಂದ ಕ್ಯುರೆಟ್ ಬಳಸಿ ಸಣ್ಣ ಅಂಗಾಂಶದ ತುಣುಕನ್ನು ತೆಗೆದರು. ಎರಡೂ ಮಾದರಿಗಳ ಒಂದೊಂದು ಭಾಗ ಕಲ್ಚರ್‌ಗೆ, ಇನ್ನೊಂದು ಆಣ್ವಿಕ ಪರೀಕ್ಷೆಗೆ ಹೋಯಿತು.

ಸ್ವಾಬ್‌ನ ಕಡ್ಡಿಗೆ ಅಂಟುವುದು ಮೇಲ್ಮೈಯ ಲೋಳೆ, ಸುತ್ತಲ ಚರ್ಮದ ಜೀವಿಗಳು, ಬ್ಯಾಂಡೇಜಿನಡಿ ವಾರಗಟ್ಟಲೆ ನೆಲೆಸಿದ ನೆಂಟರಿಷ್ಟರೆಲ್ಲ. ತೊಳೆದ ಗಾಯದ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒತ್ತಿ ತಿರುಗಿಸಿ, ಒಳಗಿನ ದ್ರವ ಒಸರುವಂತೆ ಮಾಡುವ ಲೆವೀನ್ ವಿಧಾನದಿಂದ ಸ್ವಾಬ್ ಸ್ವಲ್ಪ ಸುಧಾರಿಸುತ್ತದೆ. ಆದರೂ ಆಳದ ಅಂಗಾಂಶಕ್ಕೆ ಅದು ಸಮನಾಗದು. ಬ್ಯಾಕ್ಟೀರಿಯಾಗಳು ತಮ್ಮದೇ ಅಂಟಿನ ಹೊದಿಕೆಯೊಳಗೆ ಗುಂಪಾಗಿ ಬದುಕುವ ಬಯೋಫಿಲ್ಮ್ ದೀರ್ಘಕಾಲದ ಗಾಯಗಳ ಸಾಮಾನ್ಯ ಲಕ್ಷಣ. 2008ರಲ್ಲಿ ಪ್ರಕಟವಾದ ಒಂದು ಸೂಕ್ಷ್ಮದರ್ಶಕ ಅಧ್ಯಯನದಲ್ಲಿ ದೀರ್ಘಕಾಲದ ಗಾಯಗಳ ಶೇ. 60ರಷ್ಟು ಮಾದರಿಗಳಲ್ಲಿ ಬಯೋಫಿಲ್ಮ್ ಕಂಡರೆ, ಹೊಸ ಗಾಯಗಳಲ್ಲಿ ಅದು ಶೇ. 6 ಮಾತ್ರ ಇತ್ತು. ಈ ಗುಂಪುಗಳು ಗಾಯದಲ್ಲೆಲ್ಲ ಒಂದೇ ಸಮನೆ ಹರಡಿರುವುದಿಲ್ಲ. ಎಲ್ಲಿಂದ ಮಾದರಿ ತೆಗೆದೆವೋ ಅಲ್ಲಿನ ಉತ್ತರವಷ್ಟೇ ಸಿಗುತ್ತದೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಈ ಮಿತಿಯನ್ನು ಅದು ದಾಟಲಾರದು.

ಪರೀಕ್ಷೆ ಕೆಲಸ ಮಾಡುವ ಬಗೆ

ಬಳಸಿದ್ದು ಬಹುಗುರಿಯ ರಿಯಲ್ ಟೈಮ್ ಪಿ.ಸಿ.ಆರ್. ಮಾದರಿಯಲ್ಲಿನ ಜೀವಕೋಶಗಳನ್ನು ಒಡೆದು ಡಿ.ಎನ್.ಎ. ಬೇರ್ಪಡಿಸಿ, ಆಯ್ದ ವಂಶವಾಹಿಗಳ ತುಣುಕುಗಳನ್ನು ಒಂದೊಂದು ಸುತ್ತಿಗೂ ಸುಮಾರು ಇಮ್ಮಡಿಗೊಳಿಸುತ್ತ ಹೋಗಲಾಗುತ್ತದೆ. ಪ್ರತಿಗಳು ಹೆಚ್ಚಿದಂತೆ ನಳಿಕೆಯಲ್ಲಿನ ಹೊಳೆಯುವ ಬಣ್ಣದ ಹೊಳಪೂ ಹೆಚ್ಚುತ್ತದೆ; ಅದು ಎಷ್ಟನೆಯ ಸುತ್ತಿನಲ್ಲಿ ನಿಗದಿತ ಗೆರೆ ದಾಟಿತೋ ಅದು ಸಿ.ಟಿ. ಮೌಲ್ಯ. ಆರಂಭದಲ್ಲಿ ಡಿ.ಎನ್.ಎ. ಹೆಚ್ಚಿದ್ದಷ್ಟೂ ಈ ಮೌಲ್ಯ ಕಡಿಮೆ, ಸುಮಾರು 3.3 ಸುತ್ತಿನ ವ್ಯತ್ಯಾಸವೆಂದರೆ ಪ್ರಮಾಣದಲ್ಲಿ ಹತ್ತು ಪಟ್ಟಿನ ವ್ಯತ್ಯಾಸ. ಗಾಯದ ಮಾದರಿಯಲ್ಲಿ ಎರಡು ವಿಶೇಷ ತೊಂದರೆಗಳಿವೆ. ಸ್ಟ್ಯಾಫಿಲೊಕಾಕಸ್‌ನಂಥ ಜೀವಿಗಳ ದಪ್ಪ ಗೋಡೆ ಸುಲಭವಾಗಿ ಒಡೆಯದಿರುವುದು ಒಂದು. ರಕ್ತದ ಹೀಮ್ ಮತ್ತು ಅಂಗಾಂಶದ ಕೊಲಾಜನ್ ಈ ಕ್ರಿಯೆಯನ್ನೇ ತಡೆಯುವುದು ಇನ್ನೊಂದು. ಆದ್ದರಿಂದ ಪ್ರತಿ ನಳಿಕೆಯಲ್ಲೂ ಆಂತರಿಕ ನಿಯಂತ್ರಣವಿರಬೇಕು. ಅದು ವಿಫಲವಾದ ಮಾದರಿಯಲ್ಲಿ ‘ಪತ್ತೆಯಾಗಿಲ್ಲ’ ಎಂಬುದನ್ನು ನಕಾರಾತ್ಮಕ ಫಲಿತಾಂಶವೆಂದು ಓದುವಂತಿಲ್ಲ.

ಈ ಬಗೆಯ ಪರೀಕ್ಷೆ ಪಟ್ಟಿಯಲ್ಲಿರುವುದನ್ನಷ್ಟೇ ಹುಡುಕುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1,500 ಅಕ್ಷರ ಉದ್ದದ 16ಎಸ್ ವಂಶವಾಹಿಯನ್ನು ಓದುವ ವಿಧಾನಕ್ಕೆ ಪಟ್ಟಿ ಬೇಕಿಲ್ಲ. ಆದರೆ ಅದು ಸಾಮಾನ್ಯವಾಗಿ ನಿಧಾನ, ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವಲ್ಲಿ ದುರ್ಬಲ, ಔಷಧ ನಿರೋಧದ ಬಗ್ಗೆ ಮೌನ. ಈ ರೋಗಿಯ ಪ್ರಶ್ನೆಗೆ ಅದು ಹೊಂದುತ್ತಿರಲಿಲ್ಲ.

ಫಲಿತಾಂಶ, ಮತ್ತು ಮೆಕ್-ಎ ಒಡ್ಡಿದ ಒಗಟು

ಮೂರು ಗಂಟೆಯೊಳಗೆ ಎರಡೂ ವರದಿಗಳು ಬಂದವು. ಆಂತರಿಕ ನಿಯಂತ್ರಣ ಎರಡರಲ್ಲೂ ಸರಿಯಾಗಿತ್ತು. ಸ್ವಾಬ್‌ನ ವರದಿಯಲ್ಲಿ ಆರು ಜೀವಿಗಳಿದ್ದವು: ಸ್ಟ್ಯಾಫಿಲೊಕಾಕಸ್ ಆರಿಯಸ್, ಸಿ.ಟಿ. 24, ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್, 23, ಕೊರಿನೆಬ್ಯಾಕ್ಟೀರಿಯಂ ಸ್ಟ್ರಯೇಟಮ್, 29, ಎಂಟೆರೊಕಾಕಸ್ ಫೀಕಾಲಿಸ್, 30, ಆಮ್ಲಜನಕ ಸಹಿಸದ ಫೈನ್‌ಗೋಲ್ಡಿಯ ಮ್ಯಾಗ್ನ, 31, ಸ್ಯೂಡೊಮೊನಾಸ್ ಎರುಜಿನೋಸ, 33. ಅವುಗಳ ಜೊತೆಗೆ ಮೆಥಿಸಿಲಿನ್ ನಿರೋಧಕ್ಕೆ ಕಾರಣವಾಗುವ ಮೆಕ್-ಎ ವಂಶವಾಹಿಯೂ 23ನೆಯ ಸುತ್ತಿನಲ್ಲಿ ಕಂಡಿತ್ತು. ಅಂಗಾಂಶದ ವರದಿಯಲ್ಲಿ ಎರಡೇ ಜೀವಿಗಳಿದ್ದವು: ಆರಿಯಸ್, ಸಿ.ಟಿ. 22; ಫೈನ್‌ಗೋಲ್ಡಿಯ, 27. ಮೆಕ್-ಎ ಇರಲಿಲ್ಲ, ಅದರ ಅಪರೂಪದ ಸೋದರಿ ಮೆಕ್-ಸಿ ಕೂಡ ಇರಲಿಲ್ಲ.

ಸ್ವಾಬ್‌ನ ವರದಿಯೊಂದೇ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಆರಿಯಸ್ ಇದೆ, ಮೆಕ್-ಎ ಇದೆ, ಕಡತದಲ್ಲಿ ಹಳೆಯ ಟಿಪ್ಪಣಿಯೂ ಇದೆ; ಮೂರನ್ನೂ ಕೂಡಿಸಿ ಎಂ.ಆರ್.ಎಸ್.ಎ. ಎಂದು ಬರೆದು ವ್ಯಾಂಕೊಮೈಸಿನ್ ಶುರುಮಾಡುವುದು ಸಹಜವಾಗಿತ್ತು. ಆದರೆ ಜೀವಕೋಶಗಳನ್ನೆಲ್ಲ ಒಡೆದು ಬೆರೆಸಿದ ದ್ರವದಲ್ಲಿ ಯಾವ ವಂಶವಾಹಿ ಯಾವ ಜೀವಿಯದು ಎಂಬ ಗುರುತು ಉಳಿದಿರುವುದಿಲ್ಲ. ಚರ್ಮದ ಸಾಮಾನ್ಯ ನಿವಾಸಿಯಾದ ಎಪಿಡರ್ಮಿಡಿಸ್ ಕೂಡ ಆಗಾಗ ಮೆಕ್-ಎಯನ್ನು ಹೊತ್ತಿರುತ್ತದೆ. ಇಲ್ಲಿ ಎಪಿಡರ್ಮಿಡಿಸ್ ಮತ್ತು ಮೆಕ್-ಎ ಎರಡರ ಸಿ.ಟಿ. ಮೌಲ್ಯವೂ 23 ಎಂಬುದು ಒಂದು ಸುಳಿವು. ಅದಕ್ಕಿಂತ ಬಲವಾದ ಸಾಕ್ಷ್ಯ ಪಟ್ಟಿಯ ಇನ್ನೊಂದು ಗುರಿಯಿಂದ ಬಂತು. ಮೆಕ್-ಎ ಇರುವ ಚಲಿಸಬಲ್ಲ ತುಣುಕು ಆರಿಯಸ್‌ನ ವರ್ಣತಂತುವಿಗೆ ಸೇರಿಕೊಳ್ಳುವ ಸಂಧಿಯನ್ನೇ ಹುಡುಕುವ ಆ ಗುರಿ ಸ್ವಾಬ್‌ನಲ್ಲೂ ನಕಾರಾತ್ಮಕವಾಗಿತ್ತು. ಅಂದರೆ ಆ ಮೆಕ್-ಎ ಆರಿಯಸ್‌ನದಾಗಿರುವ ಸಾಧ್ಯತೆ ತೀರ ಕಡಿಮೆ. ಇದರ ತಿರುವು ಮುರುವೂ ಉಂಟು: ಸಂಧಿ ಮಾತ್ರ ಉಳಿದು ಒಳಗಿನ ಮೆಕ್-ಎ ಕಳಚಿಹೋಗಿರುವ ತಳಿಗಳಿವೆ, ಸಂಧಿಯೊಂದನ್ನೇ ಹುಡುಕುವ ಪರೀಕ್ಷೆ ಅಂಥವನ್ನು ಎಂ.ಆರ್.ಎಸ್.ಎ. ಎಂದು ತಪ್ಪಾಗಿ ಘೋಷಿಸುತ್ತದೆ. ಎರಡನ್ನೂ ಒಟ್ಟಿಗೆ ನೋಡದ ವರದಿಯನ್ನು ನಾನಾದರೆ ಅರ್ಧ ವರದಿಯೆಂದೇ ಎಣಿಸುತ್ತೇನೆ.

ಅಂಗಾಂಶದಲ್ಲಿ ಮೆಕ್-ಎ ಇಲ್ಲ ಎಂಬ ಮಾತನ್ನು ಎಷ್ಟು ನಂಬಬಹುದು? ಇದಕ್ಕೆ ಉತ್ತರ ಆರಿಯಸ್‌ನ ಸಿ.ಟಿ. ಮೌಲ್ಯದಲ್ಲಿದೆ. ಒಂದು ಎಂ.ಆರ್.ಎಸ್.ಎ. ಕೋಶದಲ್ಲಿ ಆರಿಯಸ್ ಅನ್ನು ಗುರುತಿಸುವ ವಂಶವಾಹಿಯೂ ಮೆಕ್-ಎಯೂ ಸಾಮಾನ್ಯವಾಗಿ ಒಂದೊಂದು ಪ್ರತಿಯಷ್ಟೇ ಇರುವುದರಿಂದ ಎರಡೂ ಹೆಚ್ಚುಕಡಿಮೆ ಒಂದೇ ಸುತ್ತಿನಲ್ಲಿ ಕಾಣಬೇಕು. ಆರಿಯಸ್ 22ರಲ್ಲೇ ಕಂಡು, 40 ಸುತ್ತು ಮುಗಿದರೂ ಮೆಕ್-ಎ ಕಾಣದಿದ್ದರೆ ಆ ‘ಇಲ್ಲ’ಕ್ಕೆ ತೂಕವಿದೆ. ಆರಿಯಸ್‌ನ ಸಿ.ಟಿ. 37 ಇದ್ದಿದ್ದರೆ ಅದೇ ‘ಇಲ್ಲ’ದ ಮೇಲೆ ನಿರ್ಧಾರ ಕೈಗೊಳ್ಳುವುದು ಅಪಾಯಕರವಾಗುತ್ತಿತ್ತು. ಪತ್ತೆಯಾಗಿದೆ ಅಥವಾ ಪತ್ತೆಯಾಗಿಲ್ಲ ಎಂದಷ್ಟೇ ಮುದ್ರಿಸುವ ವರದಿಗಳಲ್ಲಿ ಈ ವಿವೇಚನೆಗೆ ಅವಕಾಶವೇ ಇರುವುದಿಲ್ಲ.

ನಿರ್ಧಾರ

ವ್ಯಾಂಕೊಮೈಸಿನ್ ಆರಂಭಿಸಲಿಲ್ಲ. ಆಗಲೇ ಕೊಟ್ಟಿದ್ದ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್‌ನ ಒಂದು ಡೋಸಿನ ನಂತರ, ಆರಿಯಸ್ ಮತ್ತು ಫೈನ್‌ಗೋಲ್ಡಿಯ ಎರಡಕ್ಕೂ ಸಾಕಾಗುವ ಆಂಪಿಸಿಲಿನ್-ಸಲ್ಬ್ಯಾಕ್ಟಮ್‌ಗೆ ಬದಲಿಸಲಾಯಿತು. ಎರಡು ದಿನಗಳ ಬಳಿಕ ಬಾಯಿಯ ಮೂಲಕ ಅಮಾಕ್ಸಿಸಿಲಿನ್-ಕ್ಲಾವುಲಾನೇಟ್.

ಸ್ಯೂಡೊಮೊನಾಸ್ ವಿಷಯದಲ್ಲಿ ಚರ್ಚೆ ನಡೆಯಿತು. ಆ ಹೆಸರು ವರದಿಯಲ್ಲಿ ಕಂಡಕೂಡಲೇ ಔಷಧಿ ಬರೆಯುವ ತುಡಿತ ಬಲವಾದದ್ದು. ಇಲ್ಲಿ ಅದು ಮೇಲ್ಮೈಯಲ್ಲಿ ಅಲ್ಪ ಪ್ರಮಾಣದಲ್ಲಿತ್ತು, ಆಳದಲ್ಲಿ ಇರಲಿಲ್ಲ, ಹಿಂದಿನ ಎರಡು ಕಲ್ಚರ್‌ಗಳಲ್ಲೂ ಬೆಳೆದಿರಲಿಲ್ಲ. ಆದ್ದರಿಂದ ಚಿಕಿತ್ಸೆ ಕೊಡದೆ ಗಮನವಿಡಲು ತೀರ್ಮಾನಿಸಲಾಯಿತು. ಕಾರ್ಬಪೆನಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗಳನ್ನು ಒಡೆಯುವ ಕಿಣ್ವಗಳ ವಂಶವಾಹಿಗಳು ಪತ್ತೆಯಾಗಿಲ್ಲವೆಂದೂ ವರದಿಯಲ್ಲಿತ್ತು. ಅದನ್ನು ಸ್ಯೂಡೊಮೊನಾಸ್ ಆ ಔಷಧಿಗಳಿಗೆ ಬಗ್ಗುತ್ತದೆಂದು ಅರ್ಥೈಸುವುದು ತಪ್ಪು. ಈ ಜೀವಿ ಹೊರಪೊರೆಯ ದ್ವಾರವನ್ನು ಕಳೆದುಕೊಂಡು, ಔಷಧಿಯನ್ನು ಹೊರದೂಡುವ ಪಂಪುಗಳನ್ನು ಚುರುಕುಗೊಳಿಸಿ, ತನ್ನದೇ ಕಿಣ್ವವನ್ನು ಹೆಚ್ಚಾಗಿ ತಯಾರಿಸಿ ನಿರೋಧ ಗಳಿಸಬಲ್ಲದು. ಇವು ಯಾವುವೂ ಸಾಮಾನ್ಯ ಪಟ್ಟಿಗಳ ಗುರಿಗಳಲ್ಲ.

ಕಲ್ಚರ್ ಹೇಳಿದ್ದು

48 ಗಂಟೆಗಳ ನಂತರ ಅಂಗಾಂಶದಿಂದ ಆರಿಯಸ್ ಬೆಳೆಯಿತು. ಸೆಫಾಕ್ಸಿಟಿನ್ ಔಷಧಿಯ ಬಿಲ್ಲೆಯಿಟ್ಟು ಮಾಡಿದ ಪರೀಕ್ಷೆಯಲ್ಲಿ ಅದು ಮೆಥಿಸಿಲಿನ್‌ಗೆ ಬಗ್ಗುವ ತಳಿಯೆಂದು ಖಚಿತವಾಯಿತು. ಫೈನ್‌ಗೋಲ್ಡಿಯ ಕಂಡದ್ದು ಆರನೆಯ ದಿನ. ಸ್ವಾಬ್‌ನಿಂದ ಬೆಳೆದ ಎಪಿಡರ್ಮಿಡಿಸ್ ಮೆಥಿಸಿಲಿನ್ ನಿರೋಧಕವಾಗಿತ್ತು, ಒಗಟಿಗೆ ಅದೇ ಉತ್ತರ.

ಮೂರನೆಯ ದಿನ ಬಂದ ಇನ್ನೊಂದು ಸಾಲು ಹೆಚ್ಚು ಮಹತ್ವದ್ದು. ಎರಿತ್ರೊಮೈಸಿನ್ ಬಿಲ್ಲೆಯ ಪಕ್ಕದಲ್ಲಿಟ್ಟ ಕ್ಲಿಂಡಮೈಸಿನ್ ಬಿಲ್ಲೆಯ ಸುತ್ತಲ ಬೆಳವಣಿಗೆಯಿಲ್ಲದ ವಲಯ ಒಂದು ಬದಿಯಲ್ಲಿ ಚಪ್ಪಟೆಯಾಗಿತ್ತು. ಇದು ಪ್ರೇರಿತ ಕ್ಲಿಂಡಮೈಸಿನ್ ನಿರೋಧದ, ಅಂದರೆ ಎರಿತ್ರೊಮೈಸಿನ್‌ನಂಥ ಔಷಧಿಯ ಪ್ರಚೋದನೆಯಿಂದ ಎಚ್ಚೆತ್ತುಕೊಳ್ಳುವ ನಿರೋಧದ ಗುರುತು, ಅದಕ್ಕೆ ಕಾರಣವಾದ ವಂಶವಾಹಿ ಆಣ್ವಿಕ ಪಟ್ಟಿಯಲ್ಲಿ ಇರಲೇ ಇಲ್ಲ. ಈ ರೋಗಿಗೆ ಪೆನಿಸಿಲಿನ್ ಅಲರ್ಜಿ ಇದ್ದು, ಆಣ್ವಿಕ ವರದಿಯನ್ನೇ ನೆಚ್ಚಿ ಕ್ಲಿಂಡಮೈಸಿನ್ ಕೊಟ್ಟಿದ್ದರೆ ಚಿಕಿತ್ಸೆ ವಿಫಲವಾಗುವ ಅಪಾಯವಿತ್ತು. ಮಧುಮೇಹಿ ಪಾದದ ಸೋಂಕಿನ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ರೋಗಕಾರಕಗಳನ್ನು ಗುರುತಿಸಲು ಮೊದಲ ಹಂತದಲ್ಲಿ ಆಣ್ವಿಕ ವಿಧಾನಗಳ ಬದಲು ಸಾಂಪ್ರದಾಯಿಕ ಕಲ್ಚರನ್ನೇ ಬಳಸುವಂತೆ ಹೇಳುತ್ತದೆ. ಕೆಲವರು ಇದನ್ನು ಹಳೆಯದಕ್ಕೆ ಅಂಟಿಕೊಂಡ ನಿಲುವೆಂದು ಟೀಕಿಸುತ್ತಾರೆ. ಈ ಪ್ರಕರಣವನ್ನು ಓದಿದರೆ ಆ ಸಲಹೆಯ ಹಿಂದಿನ ಲೆಕ್ಕಾಚಾರ ಅರ್ಥವಾಗುತ್ತದೆ. ಆಣ್ವಿಕ ಪರೀಕ್ಷೆ ಕಲ್ಚರ್‌ನ ಮೊದಲ ಮೂರು ದಿನಗಳ ಕತ್ತಲೆಯನ್ನು ತುಂಬಿತೇ ಹೊರತು ಅದರ ಜಾಗಕ್ಕೆ ಬರಲಿಲ್ಲ.

ಎರಡನೆಯ ಪರೀಕ್ಷೆ, ಬೇಡವಾಗಿದ್ದದ್ದು

ಐದನೆಯ ದಿನಕ್ಕೆ ಕೆಂಪು ಇಳಿಯಿತು. ಮೃದು ಅಂಗಾಂಶದ ಸೋಂಕಿಗೆ ಒಂದರಿಂದ ಎರಡು ವಾರ ಸಾಕೆಂಬ ಶಿಫಾರಸಿನಂತೆ ಹತ್ತನೆಯ ದಿನ ಔಷಧಿ ನಿಲ್ಲಿಸಲಾಯಿತು. ಮೂರನೆಯ ವಾರದಲ್ಲಿ ಪುನಃ ತೆಗೆದ ಎಕ್ಸ್-ರೇಯಲ್ಲೂ ಮೂಳೆ ಸ್ವಚ್ಛವಾಗಿತ್ತು. ಆದರೆ ಗಾಯ ನಿರೀಕ್ಷಿಸಿದಷ್ಟು ಕುಗ್ಗಿರಲಿಲ್ಲ, ಹಾಗಾಗಿ ಯಾರೋ ಒಳ್ಳೆಯ ಉದ್ದೇಶದಿಂದಲೇ ಆಣ್ವಿಕ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು. ಆರಿಯಸ್ ಮತ್ತೆ ‘ಪತ್ತೆಯಾಗಿದೆ’, ಸಿ.ಟಿ. 31.

ಕುಟುಂಬದವರು ಸೋಂಕು ಹೋಗಿಲ್ಲವೇ ಎಂದು ಕೇಳಿದರು. ವಿಭಾಗದಲ್ಲೂ ಇನ್ನೆರಡು ವಾರ ಔಷಧಿ ಮುಂದುವರಿಸೋಣವೆಂಬ ಮಾತು ಬಂತು. ಲೆಕ್ಕದ ಪ್ರಕಾರ 22ರಿಂದ 31ಕ್ಕೆ ಏರಿದ ಸಿ.ಟಿ. ಎಂದರೆ ಆರಿಯಸ್ ಡಿ.ಎನ್.ಎ. ಸುಮಾರು ಐನೂರು ಪಟ್ಟು ಕಡಿಮೆಯಾಗಿದೆ. ಆದರೆ ಈ ಸಮಾಧಾನದ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಎರಡು ಸಲ ತೆಗೆದ ತುಣುಕುಗಳ ತೂಕ ಒಂದೇ ಅಲ್ಲ, ಮನುಷ್ಯ ಕೋಶಗಳ ಡಿ.ಎನ್.ಎ.ಯೊಂದಿಗೆ ಹೋಲಿಸಿ ಅದನ್ನು ಸರಿದೂಗಿಸಿಯೂ ಇರಲಿಲ್ಲ. ಮುಖ್ಯವಾದದ್ದು ಬೇರೆ: ಪಿ.ಸಿ.ಆರ್. ಸತ್ತ ಬ್ಯಾಕ್ಟೀರಿಯಾದ ಡಿ.ಎನ್.ಎ.ಯನ್ನೂ ಬದುಕಿರುವುದರಷ್ಟೇ ಸಲೀಸಾಗಿ ಎಣಿಸುತ್ತದೆ. ಗೋಡೆ ಒಡೆದ ಕೋಶಗಳ ಡಿ.ಎನ್.ಎ.ಯನ್ನು ಮೊದಲೇ ಕಟ್ಟಿಹಾಕುವ ಪ್ರೊಪಿಡಿಯಂ ಮಾನೊಅಜೈಡ್‌ನಂಥ ಬಣ್ಣಗಳಿವೆಯಾದರೂ ನಿತ್ಯದ ಗಾಯ ಪರೀಕ್ಷೆಗಳಲ್ಲಿ ಅವುಗಳ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಬದುಕಿರುವ ಆರಿಯಸ್ಸೇ ಇದ್ದರೂ, ಕೆಂಪು, ಊತ, ಬಿಸಿ, ಕೀವು ಯಾವುದೂ ಇಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಕೊಡುವುದರಿಂದ ಅದು ಬೇಗ ಮಾಯುವುದಿಲ್ಲ. ಔಷಧಿಯನ್ನು ಮತ್ತೆ ಆರಂಭಿಸಲಿಲ್ಲ.

ಗಾಯ ಕುಗ್ಗದಿರಲು ಕಾರಣ ವಿಚಾರಿಸಿದಾಗ ಗೊತ್ತಾಯಿತು: ಭಾರ ಇಳಿಸಲು ಕೊಟ್ಟಿದ್ದ ಪಾದರಕ್ಷೆಯನ್ನು ರೋಗಿ ಮನೆಯೊಳಗೆ ತೆಗೆದಿಡುತ್ತಿದ್ದರು. ನೋವೇ ಇಲ್ಲದ ಕಾಲಿಗೆ ಅದರ ಅಗತ್ಯ ಅವರಿಗೆ ಹೊಳೆದಿರಲಿಲ್ಲ. ಮೊಣಕಾಲಿನವರೆಗಿನ, ರೋಗಿಯೇ ಬಿಚ್ಚಲಾಗದ ಕವಚವನ್ನು ಹಾಕಿ, ವಾರಕ್ಕೊಮ್ಮೆ ಅದನ್ನು ಬಿಚ್ಚಿ ಗಾಯ ಕೆರೆಯುವ ಕ್ರಮ ಶುರುವಾಯಿತು. ಕೆರೆದ ಕೆಲವೇ ದಿನಗಳಲ್ಲಿ ಬಯೋಫಿಲ್ಮ್ ಮತ್ತೆ ಕಟ್ಟಿಕೊಳ್ಳುವುದರಿಂದ ಒಮ್ಮೆ ಮಾಡಿ ಬಿಡುವ ಕೆಲಸವಲ್ಲ ಅದು.

ಐದನೆಯ ವಾರ ಬ್ಯಾಂಡೇಜಿನ ಮೇಲೆ ಹಸಿರು ಛಾಯೆ ಕಂಡಿತು. ಸ್ಯೂಡೊಮೊನಾಸ್ ಇರಬಹುದೆಂಬುದಕ್ಕೆ ಅದೇ ಸೂಚನೆ, ಆದರೆ ಸೋಂಕಿನ ಲಕ್ಷಣ ಒಂದೂ ಇರಲಿಲ್ಲ. ಮಾದರಿ ಕಳಿಸಲಿಲ್ಲ, ಕವಚ ಬಿಚ್ಚಿ ಗಾಯ ಕೆರೆದು ತೊಳೆಯುವ ಕೆಲಸವನ್ನು ಎರಡು ವಾರಗಳ ಮಟ್ಟಿಗೆ ವಾರಕ್ಕೆರಡು ಸಲ ಮಾಡಲಾಯಿತು, ಹೆಚ್ಚು ದ್ರವ ಹೀರುವ ಪಟ್ಟಿ ಬಳಸಲಾಯಿತು, ಛಾಯೆ ಮಾಯವಾಯಿತು. ಕವಚ ಹಾಕಿದ ಒಂಬತ್ತನೆಯ ವಾರದಲ್ಲಿ ಗಾಯ ಮುಚ್ಚಿತು. ಕ್ರಿಯಾಟಿನಿನ್ ಉದ್ದಕ್ಕೂ ಬದಲಾಗಲಿಲ್ಲ.

ಈ ಪ್ರಕರಣದ ನಂತರ ವಿಭಾಗ ಮತ್ತು ಪ್ರಯೋಗಾಲಯ ಸೇರಿ ಕೋರಿಕೆ ಪತ್ರವನ್ನು ಬದಲಿಸಿದವು. ಆಣ್ವಿಕ ಪರೀಕ್ಷೆ ಬೇಕೆನ್ನುವವರು ಸೋಂಕಿನ ಲಕ್ಷಣಗಳನ್ನೂ ಅದರ ತೀವ್ರತೆಯನ್ನೂ, ಮಾದರಿ ತೆಗೆದ ಆಳವನ್ನೂ, ಕೊನೆಯ ಆಂಟಿಬಯೋಟಿಕ್ ಡೋಸಿನ ದಿನಾಂಕವನ್ನೂ, ಫಲಿತಾಂಶದಿಂದ ಬದಲಾಗಬಹುದಾದ ನಿರ್ಧಾರ ಯಾವುದೆಂಬುದನ್ನೂ ಬರೆಯಬೇಕು. ಕೊನೆಯ ಸಾಲು ಖಾಲಿಯಿದ್ದರೆ ಮಾದರಿಯನ್ನು ಕಲ್ಚರ್‌ಗೆ ಮಾತ್ರ ಹಾಕಲಾಗುತ್ತದೆ. ತೊಳೆಯದ ಗಾಯದ ಸ್ವಾಬ್‌ಗಳನ್ನು ಆಣ್ವಿಕ ಪರೀಕ್ಷೆಗೆ ಸ್ವೀಕರಿಸುವುದನ್ನು ನಿಲ್ಲಿಸಲಾಗಿದೆ.